ಮೂಳೆಮೀನಿನ ಮೆದುಳಿನ ಭಾಗಗಳು ರೂಪುಗೊಳ್ಳುವ ಬಗೆ

ಬೆರಳುದ್ದಕ್ಕಿಂತ ಚಿಕ್ಕದಾದ ಜೀಬ್ರಾಮೀನಿನ ತಲೆಬುರುಡೆಯ ಮೇಲ್ಭಾಗವನ್ನು ಸೂಕ್ಷ್ಮದರ್ಶಕದಡಿ ಎಚ್ಚರದಿಂದ ಬಿಡಿಸಿದರೆ, ಮೂತಿಯ ಕಡೆಯಿಂದ ಬೆನ್ನಿನ ಕಡೆಗೆ ಸಾಲಾಗಿ ಕೂತ ಕೆಲವು ಬಿಳಿಯ ಉಬ್ಬುಗಳು ಕಾಣುತ್ತವೆ. ತುದಿಯಲ್ಲಿ ವಾಸನೆಯನ್ನು ಗ್ರಹಿಸುವ ಎರಡು ಘ್ರಾಣ ಗೆಡ್ಡೆಗಳು, ಅವುಗಳ ಹಿಂದೆ ಟೆಲೆನ್ಸೆಫಲಾನ್ ಎಂಬ ಮುಮ್ಮೆದುಳಿನ ಜೋಡಿ ಹಾಲೆಗಳು, ನಡುವೆ ಎಲ್ಲಕ್ಕಿಂತ ದೊಡ್ಡದಾಗಿ ಎದ್ದು ಕಾಣುವ, ಕಣ್ಣಿನಿಂದ ಬಂದ ಸಂಕೇತಗಳನ್ನು ಸ್ವೀಕರಿಸುವ ಟೆಕ್ಟಮ್, ಅದರ ಹಿಂದೆ ಅನುಮಸ್ತಿಷ್ಕ, ಕೊನೆಗೆ ಮೆದುಳುಬಳ್ಳಿಯೊಂದಿಗೆ ಬೆರೆತುಹೋಗುವ ಮೆಡುಲ್ಲಾ. ನೋಡಲು ಸರಳವಾದ ಈ ಸಾಲು ಅಂಗರಚನಾಶಾಸ್ತ್ರಜ್ಞರನ್ನು ಬಹುಕಾಲ ದಾರಿ ತಪ್ಪಿಸಿತು. ಸಸ್ತನಿಗಳಲ್ಲಿರುವಂತೆ ಒಳಗೆ ಟೊಳ್ಳಾದ ಎರಡು ಗೋಳಾರ್ಧಗಳು ಮೀನಿನ ಮುಮ್ಮೆದುಳಿನಲ್ಲಿ ಕಾಣಲಿಲ್ಲವಾದ್ದರಿಂದ, ಅದು ವಾಸನೆಗಷ್ಟೇ ಮೀಸಲಾದ ಅರೆಬೆಳೆದ ಭಾಗವೆಂದು ಎಣಿಸಲಾಗಿತ್ತು. ಬೆಳೆದ ಮೆದುಳಿನಲ್ಲಿ ಒಂದು ಭಾಗ ಎಲ್ಲಿದೆ ಎಂಬುದರಿಂದಲೇ ಅದು ಏನೆಂದು ನಿರ್ಧರಿಸಲು ಹೊರಟಿದ್ದು ಈ ತಪ್ಪಿನ ಮೂಲ. ಮೀನಿನ ಮೆದುಳಿನ ಯಾವುದೇ ಭಾಗದ ಗುರುತು ಹಿಡಿಯಬೇಕಾದರೆ, ಅದು ಭ್ರೂಣದ ಯಾವ ಮೂಲೆಯಲ್ಲಿ ಹುಟ್ಟಿತು, ಯಾವ ದಾರಿಯಾಗಿ ಈಗಿರುವ ಜಾಗಕ್ಕೆ ಬಂದು ಸೇರಿತು ಎಂಬುದನ್ನು ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ.

ಮೂಳೆಮೀನುಗಳೆಂದರೆ ಒಂದೇ ಬಗೆಯ ಪ್ರಾಣಿಗಳಲ್ಲ. ರೆಕ್ಕೆಗಳಿಗೆ ಕಡ್ಡಿಗಳಂಥ ಮುಳ್ಳುಗಳ ಆಧಾರವಿರುವ ಕಿರಣರೆಕ್ಕೆಯ ಮೀನುಗಳು ಒಂದು ಕವಲು. ಇವುಗಳಲ್ಲಿ 30,000ಕ್ಕೂ ಹೆಚ್ಚು ಪ್ರಭೇದಗಳಿದ್ದು, ಬಹುಪಾಲು ಟೆಲಿಯೋಸ್ಟ್ ಎಂಬ ಗುಂಪಿಗೆ ಸೇರುತ್ತವೆ. ಮಾಂಸಲ ರೆಕ್ಕೆಯ ಮೀನುಗಳದ್ದು ಇನ್ನೊಂದು ಕವಲು. ಇಂದು ಉಳಿದಿರುವುದು ಶ್ವಾಸಕೋಶಮೀನುಗಳು ಮತ್ತು ಸೀಲಕ್ಯಾಂತ್ ಮಾತ್ರ, ಆದರೆ ನೆಲಕ್ಕೆ ಹತ್ತಿದ ಎಲ್ಲ ಕಶೇರುಕಗಳೂ ಇದೇ ಕವಲಿನಿಂದ ಬಂದವು. ಮೆದುಳಿನ ಬೆಳವಣಿಗೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಜೀಬ್ರಾಮೀನು ಮತ್ತು ಮೆಡಾಕಾ ಎಂಬ ಎರಡು ಪುಟ್ಟ ಟೆಲಿಯೋಸ್ಟ್‌ಗಳಿಂದ ಬಂದದ್ದು. ಜೀಬ್ರಾಮೀನಿನ ಮೊಟ್ಟೆ ತಾಯಿಯ ದೇಹದ ಹೊರಗೆ ಬೆಳೆಯುತ್ತದೆ, ಭ್ರೂಣ ಗಾಜಿನಂತೆ ಪಾರದರ್ಶಕ, 28.5 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದೇ ದಿನದಲ್ಲಿ ಮೆದುಳಿನ ಮುಖ್ಯ ವಿಭಾಗಗಳು ಬರಿಗಣ್ಣಿಗೆ ಅಲ್ಲದಿದ್ದರೂ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸ್ಪಷ್ಟವಾಗಿ ಕಾಣುತ್ತವೆ. ಮುಂದೆ ಹೇಳುವ ಗಂಟೆಗಳ ಲೆಕ್ಕವೆಲ್ಲ ಈ ಮೀನಿನದು, ಮೊಟ್ಟೆ ಫಲಿತವಾದ ಕ್ಷಣದಿಂದ ಎಣಿಸಿದ್ದು.

ಸುಮಾರು 6ನೇ ಗಂಟೆಯ ಹೊತ್ತಿಗೆ ಮೊಟ್ಟೆಯೊಳಗಿನ ಆಹಾರಭಂಡಾರದ ಮೇಲೆ ಟೋಪಿಯಂತೆ ಹರಡಿಕೊಂಡ ಜೀವಕೋಶಗಳ ಒಂದು ಬದಿಯಲ್ಲಿ ಚಿಕ್ಕ ದಪ್ಪನೆಯ ಜಾಗವೊಂದು ಏಳುತ್ತದೆ. ಇದನ್ನು ಗುರಾಣಿ ಎನ್ನುತ್ತಾರೆ; ಕಪ್ಪೆಯ ಭ್ರೂಣದಲ್ಲಿ ಸಂಘಟಕ ಎಂದು ಹೆಸರಾದ ಪ್ರದೇಶಕ್ಕೆ ಇದು ಸಮಾನ. ಭ್ರೂಣದ ಎದುರು ಬದಿಯಿಂದ ಬಿಎಂಪಿ ಎಂಬ ಸಂಕೇತ ಪ್ರೋಟೀನುಗಳು ಹರಡುತ್ತಿರುತ್ತವೆ, ಅವು ತಲುಪಿದಲ್ಲಿ ಹೊರಪದರದ ಕೋಶಗಳು ಚರ್ಮವಾಗುತ್ತವೆ. ಗುರಾಣಿಯ ಕೋಶಗಳು ಸ್ರವಿಸುವ ಕಾರ್ಡಿನ್ ಮುಂತಾದ ಪ್ರೋಟೀನುಗಳು ಬಿಎಂಪಿಯನ್ನು ಹಿಡಿದುಹಾಕುವುದರಿಂದ, ಆ ಬದಿಯ ಕೋಶಗಳು ಚರ್ಮವಾಗುವ ಒತ್ತಾಯದಿಂದ ಪಾರಾಗಿ ನರಫಲಕವಾಗುತ್ತವೆ. ಹೀಗೆ ನರಮಂಡಲ ಹುಟ್ಟುವುದೇ ಒಂದು ತಡೆಯಿಂದ, ಮತ್ತು ಇದೇ ತಂತ್ರ ಮುಂದೆಯೂ ಮತ್ತೆ ಮತ್ತೆ ಎದುರಾಗುತ್ತದೆ.

ನರಫಲಕ ನಾಳವಾಗುವ ರೀತಿಯಲ್ಲಿ ಮೀನು ತನ್ನದೇ ದಾರಿ ಹಿಡಿದಿದೆ. ಕೋಳಿ ಅಥವಾ ಇಲಿಯ ಭ್ರೂಣದಲ್ಲಿ ಹಾಳೆಯಂಥ ಫಲಕದ ಎರಡು ಅಂಚುಗಳು ಮೇಲೆದ್ದು ಪರಸ್ಪರ ಬೆಸೆದುಕೊಂಡು ಟೊಳ್ಳಾದ ಕೊಳವೆಯಾಗುತ್ತದೆ. ಟೆಲಿಯೋಸ್ಟ್ ಮೀನಿನಲ್ಲಿ ಫಲಕದ ಕೋಶಗಳು ನಡುಗೆರೆಯ ಕಡೆಗೆ ಒತ್ತರಿಸಿ ಬಂದು, ಮೊದಲು ದೋಣಿಯ ಅಡಿಗಟ್ಟಿನಂಥ ಗಟ್ಟಿ ಏರನ್ನೂ ಆಮೇಲೆ ಗಟ್ಟಿಯಾದ ದುಂಡು ಕಡ್ಡಿಯನ್ನೂ ಕಟ್ಟುತ್ತವೆ; ಒಳಗಿನ ಟೊಳ್ಳು ತೆರೆಯುವುದು ಅದರ ನಂತರ. ಈ ಹಂತದಲ್ಲಿ ನಡುಗೆರೆಯ ಬಳಿಯ ಕೋಶವೊಂದು ಇಬ್ಭಾಗವಾದಾಗ ಒಂದು ಮರಿಕೋಶ ಇದ್ದ ಬದಿಯಲ್ಲೇ ಉಳಿದು, ಇನ್ನೊಂದು ಗೆರೆ ದಾಟಿ ಎದುರು ಬದಿಯಲ್ಲಿ ಕನ್ನಡಿಯ ಬಿಂಬದಂತೆ ಕೂರುತ್ತದೆ. ಅಂದರೆ ಮೀನಿನ ಮೆದುಳಿನ ಎಡಬಲಗಳಲ್ಲಿ ಒಂದೇ ತಾಯಿಕೋಶದ ಮಕ್ಕಳು ಎದುರುಬದುರಾಗಿ ಇರುವುದು ಸಾಮಾನ್ಯ. ಕೋಶಗಳು ನಡುಗೆರೆಗೆ ಬರುವುದು ತಡವಾಗುವ ರೂಪಾಂತರಿ ಭ್ರೂಣಗಳಲ್ಲಿ ಈ ವಿಭಜನೆ ಮಾತ್ರ ತನ್ನ ಹೊತ್ತಿಗೆ ಸರಿಯಾಗಿ, ಆದರೆ ತಪ್ಪು ಜಾಗದಲ್ಲಿ ನಡೆಯುತ್ತದೆ, ಆಗ ಒಂದರ ಬದಲು ಎರಡು ಟೊಳ್ಳುಗಳು ತೆರೆದುಕೊಳ್ಳುತ್ತವೆ. ಸಮಯಕ್ಕೂ ಸ್ಥಳಕ್ಕೂ ಹೊಂದಾಣಿಕೆ ಎಷ್ಟು ಬಿಗಿಯಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯದು.

ನಾಳ ಮುಚ್ಚುವ ಮೊದಲೇ, ಅದರ ಯಾವ ತುದಿ ಮುಮ್ಮೆದುಳಾಗಬೇಕು ಎಂಬುದು ಹೆಚ್ಚುಕಡಿಮೆ ನಿರ್ಧಾರವಾಗಿರುತ್ತದೆ. ಇಲ್ಲಿ ಕೆಲಸ ಮಾಡುವುದು ವಿಂಟ್ ಎಂಬ ಸಂಕೇತ ಕುಟುಂಬ. ಭ್ರೂಣದ ಹಿಂತುದಿಯಲ್ಲಿ ವಿಂಟ್ ದಟ್ಟವಾಗಿದ್ದು ಮುಂದಕ್ಕೆ ಬಂದಂತೆ ತೆಳುವಾಗುತ್ತದೆ, ಹೆಚ್ಚು ವಿಂಟ್ ಸೋಂಕಿದ ನರಕೋಶಗಳು ಹಿಂಭಾಗದ ಗುಣ ಪಡೆಯುತ್ತವೆ, ಸೋಂಕದವು ಮುಮ್ಮೆದುಳಾಗುತ್ತವೆ. ಫಲಕದ ಮುಂಗಡಿಯಲ್ಲಿರುವ ಒಂದು ಸಾಲು ಕೋಶಗಳು ವಿಂಟ್ ಅನ್ನು ತಡೆಯುವ ಟಿಎಲ್‌ಸಿ ಎಂಬ ಪ್ರೋಟೀನನ್ನು ಸ್ರವಿಸಿ, ತಮ್ಮ ಹಿಂದಿರುವ ಪ್ರದೇಶವನ್ನು ಟೆಲೆನ್ಸೆಫಲಾನ್‌ಗಾಗಿ ಕಾಯ್ದಿರಿಸುತ್ತವೆ. ಜೀಬ್ರಾಮೀನಿನ ಭ್ರೂಣದಿಂದ ಆ ಸಾಲನ್ನು ಕಿತ್ತು ತೆಗೆದಾಗ ಟೆಲೆನ್ಸೆಫಲಾನ್ ಸರಿಯಾಗಿ ರೂಪುಗೊಳ್ಳಲಿಲ್ಲ, ಅದೇ ಕೋಶಗಳನ್ನು ಹಿಂದಿನ ಜಾಗಕ್ಕೆ ನೆಟ್ಟಾಗ ಅಲ್ಲಿ ಟೆಲೆನ್ಸೆಫಲಾನ್‌ಗೆ ವಿಶಿಷ್ಟವಾದ ವಂಶವಾಹಿಗಳು ಚುರುಕುಗೊಂಡವು. ವಿಂಟ್ ಸಂಕೇತವನ್ನು ಹತೋಟಿಯಲ್ಲಿಡುವ ಆಕ್ಸಿನ್1 ವಂಶವಾಹಿ ಕೆಟ್ಟಿರುವ ‘ಮಾಸ್ಟರ್‌ಬ್ಲೈಂಡ್’ ರೂಪಾಂತರಿಯಲ್ಲಿ ಕಣ್ಣುಗಳೂ ಟೆಲೆನ್ಸೆಫಲಾನೂ ಇಲ್ಲವಾಗಿ, ಅವುಗಳ ಹಿಂದಿರಬೇಕಾದ ಡೈಎನ್ಸೆಫಲಾನ್ ಎಂಬ ಮುಮ್ಮೆದುಳಿನ ಹಿಂಭಾಗ ಮುಂತುದಿಯವರೆಗೆ ಹರಡಿಕೊಂಡಿರುತ್ತದೆ. ಗಮನಿಸಬೇಕಾದ ವಿಷಯವೆಂದರೆ, ಭ್ರೂಣದಲ್ಲಿ ಅಲ್ಲಿ ಖಾಲಿ ಜಾಗವೇನೂ ಉಳಿಯಲಿಲ್ಲ. ಒಂದು ಭಾಗ ಬಿಟ್ಟುಕೊಟ್ಟ ನೆಲವನ್ನು ನೆರೆಯ ಭಾಗ ಆಕ್ರಮಿಸಿತು. ಇಂಥ ರೂಪಾಂತರಿಗಳ ದೊಡ್ಡ ಸಂಗ್ರಹ 1996ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ಮತ್ತು ಅಮೆರಿಕದ ಬೋಸ್ಟನ್‌ನ ಎರಡು ತಂಡಗಳಿಂದ ಒಟ್ಟಿಗೆ ಪ್ರಕಟವಾಯಿತು, ಮೀನಿನ ಮೆದುಳಿನ ಅಧ್ಯಯನಕ್ಕೆ ಅದು ಒಂದು ತಿರುವು.

ಮುಮ್ಮೆದುಳು, ನಡುಮೆದುಳು, ಹಿಮ್ಮೆದುಳು ಎಂಬ ಮೂರು ಉಬ್ಬುಗಳು 18ನೇ ಗಂಟೆಯ ಆಸುಪಾಸಿನಲ್ಲಿ ಕಾಣಿಸಿಕೊಂಡಾಗ, ಅವುಗಳ ನಡುವಿನ ಒಂದು ಕಟ್ಟು ವಿಶೇಷವಾಗಿ ಕಣ್ಣಿಗೆ ಬೀಳುತ್ತದೆ. ನಡುಮೆದುಳು ಹಿಮ್ಮೆದುಳಿಗೆ ತಾಗುವ ಈ ಇಕ್ಕಟ್ಟಾದ ಸೊಂಟವನ್ನು ಬರೀ ಗಡಿಯೆಂದು ತಿಳಿಯಬಾರದು, ಅದು ಎರಡೂ ಬದಿಗೆ ಆದೇಶ ಹೊರಡಿಸುವ ಕೇಂದ್ರ. ಮುಂದಿನ ಪ್ರದೇಶದಲ್ಲಿ ಓಟಿಎಕ್ಸ್2 ಮತ್ತು ಹಿಂದಿನ ಪ್ರದೇಶದಲ್ಲಿ ಜಿಬಿಎಕ್ಸ್ ವಂಶವಾಹಿಗಳು ಕ್ರಿಯಾಶೀಲವಾಗಿದ್ದು, ಒಂದನ್ನೊಂದು ಹತ್ತಿಕ್ಕುತ್ತವೆ. ಅವೆರಡರ ಜಗಳ ತೀರ್ಮಾನವಾದ ಗೆರೆಯಲ್ಲಿ ಎಫ್‌ಜಿಎಫ್8, ವಿಂಟ್1, ಪ್ಯಾಕ್ಸ್2ಎ ಮುಂತಾದ ವಂಶವಾಹಿಗಳು ಕೆಲಸ ಶುರುಮಾಡುತ್ತವೆ. ಎಫ್‌ಜಿಎಫ್8 ಕೆಟ್ಟ ‘ಎಸೆರೆಬೆಲ್ಲರ್’ ಮೀನಿನಲ್ಲಿ ಅನುಮಸ್ತಿಷ್ಕ ಇರುವುದಿಲ್ಲ. ಅನುಮಸ್ತಿಷ್ಕವಾಗಬೇಕಿದ್ದ ಕೋಶಗಳು ಸಾಯುವುದರ ಬದಲು ಟೆಕ್ಟಮ್ಮಿನ ಗುಣವನ್ನು ತಳೆಯುತ್ತವೆ. ಪ್ಯಾಕ್ಸ್2ಎ ಇಲ್ಲದ ‘ನೋ ಇಸ್ತಮಸ್’ ಮೀನಿನ ನಷ್ಟ ಇನ್ನೂ ದೊಡ್ಡದು, ಗಡಿಯ ಎರಡೂ ಬದಿಯ ಪ್ರದೇಶಗಳು ಅದರಲ್ಲಿ ಕಾಣೆಯಾಗುತ್ತವೆ. ಹೆಸರುಗಳ ಕೊನೆಯಲ್ಲಿ ಬರುವ ‘ಎ’ ಅಕ್ಷರಕ್ಕೂ ಒಂದು ಕಥೆಯಿದೆ. ಟೆಲಿಯೋಸ್ಟ್‌ಗಳ ಪೂರ್ವಜರಲ್ಲಿ 30 ಕೋಟಿ ವರ್ಷಗಳಿಗೂ ಹಿಂದೆ ಇಡೀ ಜೀನೋಮ್ ಒಮ್ಮೆ ಇಮ್ಮಡಿಯಾಯಿತು. ಆಮೇಲೆ ಬಹಳಷ್ಟು ಪ್ರತಿಗಳು ಕಳೆದುಹೋದರೂ, ಉಳಿದ ಜೋಡಿಗಳನ್ನು ‘ಎ’ ಮತ್ತು ‘ಬಿ’ ಎಂದು ಗುರುತಿಸುತ್ತಾರೆ. ಸಸ್ತನಿಯಲ್ಲಿ ಒಂದೇ ವಂಶವಾಹಿ ಮಾಡುವ ಕೆಲಸವನ್ನು ಮೀನಿನಲ್ಲಿ ಎರಡು ಹಂಚಿಕೊಂಡಿರುವುದು ಇದರಿಂದಾಗಿ ಅಪರೂಪವಲ್ಲ.

ಹಿಮ್ಮೆದುಳಿನಲ್ಲಿ ವಿಭಜನೆ ಇನ್ನೂ ಕಟ್ಟುನಿಟ್ಟು. ಅದು ರೋಂಬೊಮಿಯರ್ ಎಂಬ ಏಳು ಖಂಡಗಳಾಗಿ ಕತ್ತರಿಸಿಕೊಳ್ಳುತ್ತದೆ. ಕುತ್ತಿಗೆಯ ಕಡೆಯ ಅಂಗಾಂಶದಲ್ಲಿ ತಯಾರಾಗುವ ರೆಟಿನೋಯಿಕ್ ಆಮ್ಲ ಮುಂದಕ್ಕೆ ಹರಡಿ, ಖಂಡಗಳಿಗೆ ಗುರುತು ಕೊಡುವ ಹಾಕ್ಸ್ ವಂಶವಾಹಿಗಳಲ್ಲಿ ಯಾವುದು ಯಾವ ಖಂಡದಲ್ಲಿ ಎಚ್ಚರಗೊಳ್ಳಬೇಕೆಂದು ನಿರ್ಧರಿಸುತ್ತದೆ. ಮುಂಭಾಗದಲ್ಲಿ ಅದನ್ನು ಒಡೆಯುವ ಕಿಣ್ವಗಳಿದ್ದು ಹರಿವಿಗೆ ಅಂಕುಶ ಹಾಕುತ್ತವೆ. ಕ್ರಾಕ್ಸ್20 ಎಂಬ ವಂಶವಾಹಿ 3 ಮತ್ತು 5ನೇ ಖಂಡಗಳಲ್ಲಿ ಮಾತ್ರ ಚಾಲೂ ಆಗಿ, ಬಣ್ಣ ಹಾಕಿದ ಭ್ರೂಣದಲ್ಲಿ ಎರಡು ಪಟ್ಟೆಗಳಂತೆ ಕಾಣುತ್ತದೆ. ಆರಂಭದಲ್ಲಿ ಈ ಪಟ್ಟೆಗಳ ಅಂಚು ಹರಿದ ಬಟ್ಟೆಯಂತೆ ಅಂಕುಡೊಂಕು. ತಪ್ಪು ಕಡೆ ಸಿಕ್ಕಿಕೊಂಡ ಕೋಶಗಳು ಕೆಲವು ನೆರೆಯವರ ಗುರುತನ್ನೇ ತಳೆದು, ಕೆಲವು ತಮ್ಮವರತ್ತ ಸರಿದು, ಕೆಲವೇ ಗಂಟೆಗಳಲ್ಲಿ ಅಂಚು ನೇರವಾಗುತ್ತದೆ.

ನಾಲ್ಕನೆಯ ಖಂಡದಲ್ಲಿ ಹುಟ್ಟುವ ಮೌತ್ನರ್ ಕೋಶಗಳ ಜೋಡಿಯನ್ನು ಹೆಸರಿಸದೆ ಮುಂದೆ ಹೋಗುವಂತಿಲ್ಲ. ಬದಿಗೊಂದರಂತೆ ಎರಡೇ ಎರಡು ಇರುವ ಈ ದೈತ್ಯ ನರಕೋಶಗಳು ನರಮಂಡಲದಲ್ಲೇ ಮೊಟ್ಟಮೊದಲು ಹುಟ್ಟುವವುಗಳಲ್ಲಿ ಸೇರಿವೆ. 8ನೇ ಗಂಟೆಯ ಸುಮಾರಿಗೆ, ಅಂದರೆ ಮೆದುಳು ಎಂದು ಕರೆಯಬಹುದಾದದ್ದು ಇನ್ನೂ ಇಲ್ಲದಿರುವಾಗಲೇ, ಇವು ಕೊನೆಯ ವಿಭಜನೆಯನ್ನು ಮುಗಿಸಿರುತ್ತವೆ. ನೀರಿನಲ್ಲಿ ಅಪಾಯದ ಸದ್ದು ಕೇಳಿದಾಗ ಮೀನು ಮಿಂಚಿನಂತೆ ದೇಹವನ್ನು ಬಿಲ್ಲಾಗಿ ಬಾಗಿಸಿ ದಿಕ್ಕು ಬದಲಿಸುವುದು ಇವುಗಳಿಂದಾಗಿ, ಅದಕ್ಕೆ ಬೇಕಾಗುವ ಸಮಯ ಕೆಲವೇ ಮಿಲಿಸೆಕೆಂಡುಗಳು. ಭ್ರೂಣಕ್ಕೆ ಹೊರಗಿನಿಂದ ರೆಟಿನೋಯಿಕ್ ಆಮ್ಲ ಕೊಟ್ಟಾಗ ಎರಡನೆಯ ಖಂಡವೂ ತಾನು ನಾಲ್ಕನೆಯದೆಂಬಂತೆ ವರ್ತಿಸಿ, ಅಲ್ಲಿ ಹೆಚ್ಚುವರಿ ಮೌತ್ನರ್ ಕೋಶಗಳು ಹುಟ್ಟುತ್ತವೆ. ಒಂದು ಕೋಶ ಯಾವ ಖಂಡದ ವಿಳಾಸ ಹೊತ್ತಿದೆಯೋ ಅದರ ಪ್ರಕಾರವೇ ಅದರ ಮುಂದಿನ ಕಸುಬು ಎಂಬುದು ಇಲ್ಲಿ ಒಂದೇ ಕೋಶದ ಮಟ್ಟದಲ್ಲಿ ಕಣ್ಣಿಗೆ ಕಾಣುತ್ತದೆ.

ಮುಂದೆ–ಹಿಂದೆ ಎಂಬ ಅಳತೆಯಂತೆ ಮೇಲೆ–ಕೆಳಗೆ ಎಂಬ ಅಳತೆಯೂ ಇದೆ. ನಾಳದ ಅಡಿಯ ನಡುಗೆರೆಯಿಂದ ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನು ಹೊರಡುತ್ತದೆ, ಮುಮ್ಮೆದುಳಿನ ತಳದಲ್ಲಿ ಹೈಪೊಥಲಾಮಸ್ ರೂಪುಗೊಳ್ಳಲು ಅದು ಬೇಕು. ಅದಕ್ಕೂ ಮುಂಚಿನ ನೋಡಲ್ ಸಂಕೇತ ತಪ್ಪಿಹೋದ ‘ಸೈಕ್ಲಾಪ್ಸ್’ ಮೀನಿನಲ್ಲಿ ತಳದ ನಡುಗೆರೆಯೇ ಇಲ್ಲದೆ, ಎರಡು ಕಣ್ಣುಗಳು ಬೇರ್ಪಡದೆ ಒಂದಾಗಿ ಕೂತಿರುತ್ತವೆ. ಪ್ರಕೃತಿಯೇ ಈ ಸಂಕೇತದ ಪ್ರಮಾಣವನ್ನು ಏರಿಸಿ ನೋಡಿದ ಉದಾಹರಣೆ ಮೆಕ್ಸಿಕೊದ ಗುಹಾಮೀನು. ಆಸ್ಟಿಯಾನಾಕ್ಸ್ ಎಂಬ ಒಂದೇ ಪ್ರಭೇದದಲ್ಲಿ ಹೊಳೆಯಲ್ಲಿ ವಾಸಿಸುವ ಕಣ್ಣುಳ್ಳ ಮೀನುಗಳೂ ಕತ್ತಲ ಗುಹೆಗಳಲ್ಲಿ ವಾಸಿಸುವ ಕುರುಡು ಮೀನುಗಳೂ ಇವೆ, ಎರಡರ ನಡುವೆ ಸಂತಾನವೂ ಸಾಧ್ಯ. ಗುಹಾಮೀನಿನ ಭ್ರೂಣದಲ್ಲಿ ಮುಂತುದಿಯ ಹೆಡ್ಜ್‌ಹಾಗ್ ಪಟ್ಟೆ ಹೊಳೆಯ ಮೀನಿಗಿಂತ ಅಗಲ. ಇದರಿಂದ ಹೈಪೊಥಲಾಮಸ್ ದೊಡ್ಡದಾಗುತ್ತದೆ, ರುಚಿಮೊಗ್ಗುಗಳು ಹೆಚ್ಚುತ್ತವೆ. ಕಣ್ಣು ಮೊದಲು ಹುಟ್ಟಿದರೂ ಅದರ ಮಸೂರದ ಕೋಶಗಳು ಸತ್ತು, ಮೆಲ್ಲಗೆ ಇಡೀ ಕಣ್ಣು ಕ್ಷಯಿಸುತ್ತದೆ. ಹೊಳೆಯ ಮೀನಿನ ಭ್ರೂಣದಲ್ಲಿ ಹೆಡ್ಜ್‌ಹಾಗ್ ಅನ್ನು ಕೃತಕವಾಗಿ ಹೆಚ್ಚಿಸಿದಾಗ ಅದರ ಮಸೂರವೂ ಹೀಗೆಯೇ ಸಾಯುತ್ತದೆಂದು 2004ರಲ್ಲಿ ತೋರಿಸಲಾಯಿತು. ಕತ್ತಲಲ್ಲಿ ಬಳಸದೆ ಬಿಟ್ಟಿದ್ದರಿಂದ ಕಣ್ಣು ಹೋಯಿತು ಎಂಬ ಸುಲಭದ ವಿವರಣೆಗಿಂತ ಇದು ಹೆಚ್ಚು ಆಳವಾದ ಮಾತು.

ಈಗ ಆರಂಭದ ಒಗಟಿಗೆ ಮರಳೋಣ. ಕಪ್ಪೆ, ಹಲ್ಲಿ, ಹಕ್ಕಿ, ಸಸ್ತನಿ, ಶ್ವಾಸಕೋಶಮೀನು ಇವೆಲ್ಲವುಗಳಲ್ಲಿ ನಾಳದ ಮುಂತುದಿಯ ಎರಡು ಪಕ್ಕಗಳು ಊದಿದ ಬಲೂನಿನಂತೆ ಹೊರಕ್ಕೆ ಉಬ್ಬಿ, ತಮ್ಮೊಳಗೆ ಒಂದೊಂದು ಕುಹರವನ್ನು ಉಳಿಸಿಕೊಂಡು ಗೋಳಾರ್ಧಗಳಾಗುತ್ತವೆ. ಕಿರಣರೆಕ್ಕೆಯ ಮೀನುಗಳಲ್ಲಿ ಹಾಗಾಗುವುದಿಲ್ಲ. ಅಲ್ಲಿ ನಾಳದ ಎರಡು ಗೋಡೆಗಳ ಮೇಲಂಚುಗಳು, ಮುಚ್ಚಿದ ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ ತೆರೆದರೆ ಎರಡು ಬದಿಗೆ ಹಾಳೆಗಳು ಬೀಳುವಂತೆ, ಹೊರಕ್ಕೆ ಮಗುಚಿಕೊಳ್ಳುತ್ತವೆ. ಆ ಎರಡು ಅಂಚುಗಳನ್ನು ಜೋಡಿಸಿದ್ದ ನಾಳದ ಛಾವಣಿ ಹಿಗ್ಗಿ, ತೆಳುವಾದ ಪೊರೆಯಾಗಿ ಮೇಲೆ ಹೊದ್ದುಕೊಳ್ಳುತ್ತದೆ. ಹೀಗಾಗಿ ಒಳಗೆ ಎರಡು ಪ್ರತ್ಯೇಕ ಕುಹರಗಳಿರುವುದಿಲ್ಲ, ನಡುವೆ ಸೀಳಿನಂತೆ ಇಳಿದು ಮೇಲೆ ಎರಡೂ ಬದಿಗೆ ಹರಡಿದ ಒಂದೇ ಕುಹರ ಇರುತ್ತದೆ. ಛೇದಿಸುವಾಗ ಆ ತೆಳು ಪೊರೆ ಸುಲಭವಾಗಿ ಹರಿದುಹೋಗುತ್ತದೆ, ಆಗ ಉಳಿಯುವುದು ಎರಡು ಗಟ್ಟಿ ಉಂಡೆಗಳು ಮಾತ್ರ. ಹಳಬರು ಅವುಗಳನ್ನು ಕುಹರವೇ ಇಲ್ಲದ ಕೀಳು ಮೆದುಳೆಂದು ಭಾವಿಸಿದ್ದರಲ್ಲಿ ಅಚ್ಚರಿಯಿಲ್ಲ. ಮಗುಚುವಿಕೆಯ ವಿಚಾರವನ್ನು 19ನೇ ಶತಮಾನದ ಕೊನೆಯಲ್ಲೇ ಕೆಲವರು ಮುಂದಿಟ್ಟಿದ್ದರು, ಆದರೆ ಅದರ ಪರಿಣಾಮಗಳನ್ನು ಅರಗಿಸಿಕೊಳ್ಳಲು ಬಹಳ ಕಾಲ ಹಿಡಿಯಿತು.

ಪರಿಣಾಮ ಏನೆಂದರೆ, ನಕ್ಷೆಯೇ ಬದಿ ಬದಲಿಸುತ್ತದೆ. ಗೋಡೆಯ ಮೇಲಂಚಿನ ಪ್ರದೇಶ ಬಲೂನಿನಂತೆ ಉಬ್ಬುವ ಮೆದುಳಿನಲ್ಲಿ ನಡುಗೆರೆಯ ಪಕ್ಕಕ್ಕೆ ಬಂದು ಕೂರುತ್ತದೆ, ಸಸ್ತನಿಗಳಲ್ಲಿ ಜಾಗಗಳ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅಲ್ಲಿ ಬೆಳೆಯುತ್ತದೆ. ಮಗುಚಿದ ಮೆದುಳಿನಲ್ಲಿ ಅದೇ ಪ್ರದೇಶ ಹೊರಬದಿಯ ತುದಿಗೆ ಹೋಗುತ್ತದೆ. ಹಾಗಾದರೆ ಹಿಪೊಕ್ಯಾಂಪಸ್‌ಗೆ ಸಮಾನವಾದದ್ದನ್ನು ಮೀನಿನಲ್ಲಿ ಹೊರಬದಿಯಲ್ಲೂ, ಭಯದ ಕಲಿಕೆಗೆ ಸಂಬಂಧಿಸಿದ ಅಮಿಗ್ಡಲಾಗೆ ಸಮಾನವಾದದ್ದನ್ನು ನಡುಗೆರೆಯ ಬಳಿಯೂ ಹುಡುಕಬೇಕು. ಸ್ಪೇನಿನ ಸಂಶೋಧಕರು ಹೊಂಬಣ್ಣದ ಗೋಲ್ಡ್‌ಫಿಶ್‌ಗಳಲ್ಲಿ ಇದನ್ನು ಪರೀಕ್ಷಿಸಿದರು: ಪ್ಯಾಲಿಯಂ ಎಂಬ ಟೆಲೆನ್ಸೆಫಲಾನ್‌ನ ಮೇಲ್ಭಾಗದಲ್ಲಿ ಹೊರಬದಿಗೆ ಪೆಟ್ಟಾದ ಮೀನುಗಳು ಸುತ್ತಲಿನ ಗುರುತುಗಳ ನಕ್ಷೆಯನ್ನು ನೆನಪಿಟ್ಟು ದಾರಿ ಹುಡುಕುವುದರಲ್ಲಿ ಸೋತವು, ಒಳಬದಿಗೆ ಪೆಟ್ಟಾದವು ದಾರಿಯನ್ನು ಮರೆಯಲಿಲ್ಲ, ಅಪಾಯದ ಸೂಚನೆ ಕಂಡು ತಪ್ಪಿಸಿಕೊಳ್ಳುವ ಕಲಿಕೆಯಲ್ಲಿ ಹಿಂದುಳಿದವು. ಭ್ರೂಣದ ಲೆಕ್ಕಾಚಾರ ಹೇಳಿದಂತೆಯೇ ವರ್ತನೆಯೂ ಸಾಕ್ಷಿ ನುಡಿಯಿತು.

ಪುಸ್ತಕ ತೆರೆಯುವ ಹೋಲಿಕೆ ಅರ್ಥಮಾಡಿಕೊಳ್ಳಲು ಅನುಕೂಲವಾದರೂ, ನಿಜವಾಗಿ ಭ್ರೂಣದಲ್ಲಿ ನಡೆಯುವುದು ಅಷ್ಟು ನೇರವಲ್ಲ. ಜೀಬ್ರಾಮೀನಿನ ಭ್ರೂಣವನ್ನು ಜೀವಂತವಾಗಿ ಚಿತ್ರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮಗುಚುವಿಕೆ ಎರಡು ಹಂತಗಳಲ್ಲಿ ನಡೆಯುತ್ತದೆಂದು ತೋರಿಸಿತು. ಮೊದಲ ದಿನದಲ್ಲಿ ಟೆಲೆನ್ಸೆಫಲಾನ್ ಮತ್ತು ಡೈಎನ್ಸೆಫಲಾನ್‌ಗಳ ನಡುವೆ ಕುಹರದ ಆಳವಾದ ಕಣಿವೆಯೊಂದು ತೆರೆದು, ಟೆಲೆನ್ಸೆಫಲಾನ್‌ನ ಹಿಂಗೋಡೆಯನ್ನು ಬಿಡಿಸಿ ತೋರುತ್ತದೆ. ಎರಡನೆಯ ದಿನದಿಂದ ಐದನೆಯ ದಿನದವರೆಗೆ ಪ್ಯಾಲಿಯಂ ಮುಂದಿನಿಂದ ಹಿಂದಕ್ಕೆ ಉದ್ದವಾಗಿ ಬೆಳೆದು ಆ ಕಣಿವೆಯ ಮೇಲೆ ಚಾಚಿಕೊಳ್ಳುತ್ತದೆ. ಅಂದರೆ ಎಡಬಲಕ್ಕೆ ಬಾಗುವುದಷ್ಟೇ ಮುಖ್ಯವಾದದ್ದು ಉದ್ದಕ್ಕೆ ಹರಡುವುದು. ಬಿಚಿರ್‌ನಂಥ ಹಳೆಯ ಕವಲಿನ ಮೀನಿನಲ್ಲಿ ಗೋಡೆಗಳು ತೆಳುವಾಗಿದ್ದು ಮಗುಚಿದ್ದು ಸರಳವಾಗಿ ಕಾಣುತ್ತದೆ. ಟೆಲಿಯೋಸ್ಟ್‌ಗಳಲ್ಲಿ ಗೋಡೆಗಳು ದಪ್ಪವಾಗಿ, ಕೋಶಗುಂಪುಗಳು ಜಾಗ ಬದಲಿಸಿ, ನಕ್ಷೆ ಓದುವುದು ಕಷ್ಟವಾಗುತ್ತದೆ. ಕೆಲವು ಪ್ರದೇಶಗಳ ಗುರುತಿನ ಬಗ್ಗೆ ಇಂದಿಗೂ ವಾದ ಮುಗಿದಿಲ್ಲ.

ಪ್ಯಾಲಿಯಮ್ಮಿನೊಳಗೆ ಕೋಶಗಳು ಜೋಡಣೆಯಾಗುವ ಕ್ರಮಕ್ಕೂ ಮಗುಚುವಿಕೆಯೇ ಕಾರಣ. ಕುಹರದ ಮೇಲ್ಮೈಯಲ್ಲಿ ಸಾಲುಗಟ್ಟಿದ ರೇಡಿಯಲ್ ಗ್ಲಿಯಾ ಎಂಬ ಆಕರಕೋಶಗಳು ಹೊಸ ನರಕೋಶಗಳನ್ನು ಹೆರುತ್ತವೆ. ಮೀನಿನಲ್ಲಿ ಆ ಮೇಲ್ಮೈ ಮೆದುಳಿನ ಹೊರಗಡೆಗೆ ತಿರುಗಿರುವುದರಿಂದ, ಮೊದಲು ಹುಟ್ಟಿದವು ಆಳದಲ್ಲಿ ಉಳಿದು, ಆಮೇಲೆ ಹುಟ್ಟಿದವು ಒಂದರ ಮೇಲೊಂದು ಪದರವಾಗಿ ಹೊರಗೆ ಸೇರುತ್ತವೆ. ಇಡೀ ಪ್ಯಾಲಿಯಂ ಒಟ್ಟಿಗೆ ಹುಟ್ಟುವುದೂ ಇಲ್ಲ. ಒಳಬದಿಯ ಪ್ರದೇಶದ ಆಕರಕೋಶಗಳು ಭ್ರೂಣದಲ್ಲೇ ಕೆಲಸ ಆರಂಭಿಸಿದರೆ, ಹೊರಬದಿಯ ಪ್ರದೇಶದವು ಛಾವಣಿಯ ಅಂಚಿನ ಒಂದು ಚಿಕ್ಕ ಗುಂಪಿನಿಂದ ತಡವಾಗಿ, ಮರಿ ಬೆಳೆಯುತ್ತಾ ಹೋದಂತೆ ಸ್ವಲ್ಪಸ್ವಲ್ಪವಾಗಿ ಬರುತ್ತವೆ.

ಎಡಬಲಗಳು ಒಂದೇ ರೀತಿಯಲ್ಲಿ ಇರಬೇಕೆಂಬ ನಿಯಮಕ್ಕೆ ಹೆಬೆನ್ಯುಲಾ ಒಂದು ಅಪವಾದ. ಡೈಎನ್ಸೆಫಲಾನ್‌ನ ಮೇಲ್ಭಾಗದ ಈ ಜೋಡಿ ಗಂಟುಗಳಲ್ಲಿ, ಜೀಬ್ರಾಮೀನಿನ ಎಡದ ಗಂಟಿನ ಒಂದು ಉಪಭಾಗ ಬಲದ್ದಕ್ಕಿಂತ ದೊಡ್ಡದು. ಪೀನಿಯಲ್ ಗ್ರಂಥಿಯ ಪಕ್ಕದ ಪ್ಯಾರಾಪೀನಿಯಲ್ ಎಂಬ ಚಿಕ್ಕ ಗುಂಪು ಎಡಕ್ಕೆ ವಲಸೆ ಹೋಗಿ ಈ ವ್ಯತ್ಯಾಸವನ್ನು ಬಲಪಡಿಸುತ್ತದೆ. ನೋಡಲ್ ಸಂಕೇತ ಸಾಮಾನ್ಯವಾಗಿ ಎಡಬದಿಯಲ್ಲಿ ಮಾತ್ರ ಇರುತ್ತದೆ. ಅದನ್ನು ಎರಡೂ ಬದಿಯಿಂದ ತೆಗೆದರೂ ಅಸಮತೆ ಹೋಗುವುದಿಲ್ಲ, ಅದು ಎಡಕ್ಕೋ ಬಲಕ್ಕೋ ಎಂಬುದು ಮಾತ್ರ ನಾಣ್ಯ ಚಿಮ್ಮಿದಂತೆ ಅನಿಶ್ಚಿತವಾಗುತ್ತದೆ.

ಮೂರನೆಯ ದಿನದೊಳಗೆ ಮೊಟ್ಟೆಯೊಡೆದು ಹೊರಬರುವ ಮರಿ ಇನ್ನೆರಡು ದಿನಗಳಲ್ಲಿ ಬೇಟೆ ಹಿಡಿಯಬೇಕು, ಅಷ್ಟರಲ್ಲಿ ಟೆಕ್ಟಮ್ ಸಿದ್ಧವಾಗಿರಬೇಕು. ಕಣ್ಣಿನ ರೆಟಿನಾದಿಂದ ಹೊರಟ ನರತಂತುಗಳು ಎರಡನೆಯ ದಿನದ ಕೊನೆಯ ಹೊತ್ತಿಗೆ ಎದುರು ಬದಿಯ ಟೆಕ್ಟಮ್ಮನ್ನು ಮುಟ್ಟಿ, ರೆಟಿನಾದಲ್ಲಿ ಅಕ್ಕಪಕ್ಕ ಇದ್ದ ಬಿಂದುಗಳು ಟೆಕ್ಟಮ್ಮಿನಲ್ಲೂ ಅಕ್ಕಪಕ್ಕ ಬರುವಂತೆ ನಕ್ಷೆ ಬರೆಯುತ್ತವೆ. ಇಲ್ಲಿ ಒಂದು ಇಕ್ಕಟ್ಟಿದೆ. ಮೀನಿನ ರೆಟಿನಾ ಮರದ ಕಾಂಡದ ಉಂಗುರಗಳಂತೆ ಸುತ್ತಲೂ ಹೊಸ ಕೋಶಗಳನ್ನು ಸೇರಿಸಿಕೊಳ್ಳುತ್ತಾ ಬೆಳೆಯುತ್ತದೆ, ಟೆಕ್ಟಮ್ ಬೆಳೆಯುವುದಾದರೋ ಹಿಂಬದಿಯ ಅಂಚಿನಲ್ಲಿ ಅರ್ಧಚಂದ್ರಾಕಾರವಾಗಿ. ಎರಡು ಬೆಳವಣಿಗೆಗಳ ಆಕಾರ ಹೊಂದುವುದಿಲ್ಲವಾದ್ದರಿಂದ, ಹಳೆಯ ನರತಂತುಗಳ ತುದಿಗಳು ಒಮ್ಮೆ ಕಟ್ಟಿದ ಸಂಪರ್ಕವನ್ನು ಬಿಟ್ಟು ಮೆಲ್ಲಗೆ ಹಿಂದಕ್ಕೆ ಸರಿಯುತ್ತಾ, ಹೊಸಬರಿಗೆ ಜಾಗ ಮಾಡಿಕೊಡುತ್ತಿರಬೇಕು. ಗೋಲ್ಡ್‌ಫಿಶ್‌ಗಳಲ್ಲಿ ಈ ಸರಿದಾಟವನ್ನು ನೇರವಾಗಿ ಗುರುತಿಸಲಾಗಿದೆ. ಮೀನು ನೋಡುತ್ತಿರುವ ಲೋಕ ಒಂದಿಷ್ಟೂ ಅಲುಗದಂತೆ ಕಾಣುತ್ತಿರುವಾಗ, ಅದನ್ನು ಹಿಡಿದಿಟ್ಟ ನಕ್ಷೆ ಜೀವನಪೂರ್ತಿ ಜಾರುತ್ತಲೇ ಇರುತ್ತದೆ.

ಬದುಕಿನ ಬಗೆ ಬೇರೆಯಾದರೆ ಯಾವ ಭಾಗ ಎಷ್ಟು ಬೆಳೆಯಬೇಕೆಂಬುದೂ ಬೇರೆಯಾಗುತ್ತದೆ. ಕಾರ್ಪ್ ಜಾತಿಯ ಮೀನುಗಳು ಕೆಸರಿನೊಂದಿಗೆ ನುಂಗಿದ ಆಹಾರವನ್ನು ಅಂಗುಳದಲ್ಲೇ ರುಚಿ ನೋಡಿ ಬೇರ್ಪಡಿಸುತ್ತವೆ, ಹಾಗಾಗಿ ಅವುಗಳ ಹಿಮ್ಮೆದುಳಿನಲ್ಲಿ ವೇಗಸ್ ನರದ ಹಾಲೆ ಪದರಪದರವಾಗಿ ಊದಿಕೊಂಡಿರುತ್ತದೆ. ಮೀಸೆಗಳಲ್ಲಿ ರುಚಿಮೊಗ್ಗುಗಳಿರುವ ಬೆಕ್ಕುಮೀನಿನಲ್ಲಿ ಮುಖನರದ ಹಾಲೆ ದೊಡ್ಡದು. ವಿದ್ಯುತ್ತಿನ ಮೂಲಕ ಸುತ್ತಲನ್ನು ಅರಿಯುವ ಆಫ್ರಿಕದ ಮಾರ್ಮಿರಿಡ್ ಮೀನುಗಳಲ್ಲಿ ಅನುಮಸ್ತಿಷ್ಕದ ವ್ಯಾಲ್ವುಲಾ ಎಂಬ ಭಾಗ ಉಳಿದ ಮೆದುಳನ್ನೆಲ್ಲ ಹೊದಿಕೆಯಂತೆ ಮುಚ್ಚುವಷ್ಟು ಹಿಗ್ಗಿದೆ, ಅವುಗಳಲ್ಲಿ ಆನೆಮೂಗಿನ ಮೀನಿನ ಮೆದುಳು ದೇಹ ಬಳಸುವ ಆಮ್ಲಜನಕದ ಸುಮಾರು 60 ಶೇಕಡಾವನ್ನು ತಾನೊಂದೇ ಕಬಳಿಸುತ್ತದೆ. ಇಂಥ ವ್ಯತ್ಯಾಸಗಳು ಎಲ್ಲವೂ ಕೊನೆಯ ಹಂತದ ಬೆಳವಣಿಗೆಯಿಂದ ಬಂದವು ಎಂದು ಎಣಿಸುವಂತಿಲ್ಲ. ಆಫ್ರಿಕದ ಮಲಾವಿ ಸರೋವರದಲ್ಲಿ ಬಂಡೆಗಳ ನಡುವೆ ಬದುಕುವ ಸಿಕ್ಲಿಡ್‌ಗಳನ್ನೂ ಮರಳಿನ ಮೇಲೆ ಬದುಕುವ ಸಿಕ್ಲಿಡ್‌ಗಳನ್ನೂ ಹೋಲಿಸಿದವರು, ಮುಮ್ಮೆದುಳಿನ ಒಳಗಡಿಗಳನ್ನು ಎಳೆಯುವ ವಂಶವಾಹಿಗಳ ಹರಡುವಿಕೆ ನರಕೋಶಗಳು ಹುಟ್ಟುವ ಮೊದಲೇ ಎರಡರಲ್ಲೂ ಬೇರೆಬೇರೆ ಎಂದು ಕಂಡುಕೊಂಡರು. ಗಡಿಗೆರೆಯನ್ನು ಆರಂಭದಲ್ಲಿ ತುಸು ಸರಿಸಿದರೆ ಸಾಕು, ಕೊನೆಯಲ್ಲಿ ಒಂದು ಭಾಗ ಹಿಗ್ಗಿ ಇನ್ನೊಂದು ಕುಗ್ಗುತ್ತದೆ.

ಬೆಳವಣಿಗೆ ನಿಲ್ಲುವ ಗಡುವು ಮೀನಿಗಿಲ್ಲ. ಆರು ದಿನದ ಜೀಬ್ರಾಮೀನಿನ ಮರಿಯಲ್ಲಿ ಸುಮಾರು 1 ಲಕ್ಷ ನರಕೋಶಗಳಿದ್ದರೆ ಬೆಳೆದ ಮೀನಿನಲ್ಲಿ ಅವು ಸುಮಾರು 1 ಕೋಟಿ. ಬೆಳೆದ ಮೇಲೂ ಮೆದುಳಿನ ಉದ್ದಕ್ಕೂ 16 ಜಾಗಗಳಲ್ಲಿ ಕೋಶವಿಭಜನೆ ನಡೆಯುತ್ತಿರುವುದನ್ನು 2006ರ ಅಧ್ಯಯನವೊಂದು ಗುರುತಿಸಿತು. ಬೆಳೆದ ಸಸ್ತನಿಗಳಲ್ಲಿ ಇಂಥ ಮುಖ್ಯ ಜಾಗಗಳು ಎರಡೇ. ಟೆಲೆನ್ಸೆಫಲಾನ್‌ಗೆ ಸೂಜಿಯಿಂದ ಗಾಯ ಮಾಡಿದರೆ ರೇಡಿಯಲ್ ಗ್ಲಿಯಾ ಕೋಶಗಳು ಚುರುಕಾಗಿ ಹೊಸ ನರಕೋಶಗಳನ್ನು ಕಳಿಸುತ್ತವೆ. ಸಸ್ತನಿಗಳಲ್ಲಿ ದುರಸ್ತಿಗೆ ಅಡ್ಡಿಯೆಂದು ಹೆಚ್ಚಾಗಿ ದೂರಲಾಗುವ ಉರಿಯೂತವೇ ಮೀನಿನಲ್ಲಿ ಈ ದುರಸ್ತಿಯನ್ನು ಆರಂಭಿಸುವ ಕರೆಗಂಟೆ ಎಂಬುದು 2012ರಲ್ಲಿ ಗೊತ್ತಾಯಿತು. ಇನ್ನೊಂದು ಕವಲಿನ ಸೀಲಕ್ಯಾಂತ್ ಮಾತ್ರ ಇದಕ್ಕೆ ಪೂರಾ ವಿರುದ್ಧ. ಅದರ ತಲೆಬುರುಡೆಯ ಗೂಡು ಬೆಳೆಯುತ್ತಲೇ ಹೋದರೂ ಮೆದುಳು ಜೊತೆಗೆ ಹಿಗ್ಗುವುದಿಲ್ಲ, ಬೆಳೆದ ಮೀನಿನಲ್ಲಿ ಆ ಗೂಡಿನ ಸುಮಾರು 1 ಶೇಕಡಾ ಜಾಗವನ್ನಷ್ಟೇ ಮೆದುಳು ತುಂಬುತ್ತದೆ.

ಗುರುತಿನ ಪ್ರಶ್ನೆಗೆ ತೀರಾ ಇತ್ತೀಚಿನ ತಿರುವು ಬಂದದ್ದು ಟೆಲಿಯೋಸ್ಟ್‌ಗಳ ಮೆದುಳಿನ ಅಡಿಯಲ್ಲಿ ಎರಡು ಗುಡ್ಡೆಗಳಂತೆ ಕಾಣುವ ಕೆಳಹಾಲೆಗಳಿಂದ. ಹೈಪೊಥಲಾಮಸ್‌ಗೆ ಅಂಟಿಕೊಂಡೇ ಇರುವುದರಿಂದ ಅವನ್ನು ಎಲ್ಲರೂ ಹೈಪೊಥಲಾಮಸ್‌ನ ಭಾಗವೆಂದೇ ಹೆಸರಿಸಿದ್ದರು, ಪಠ್ಯಗಳಲ್ಲೂ ಹಾಗೆಯೇ ಅಚ್ಚಾಗಿತ್ತು. 2019ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಜೀಬ್ರಾಮೀನಿನ ಭ್ರೂಣದಲ್ಲಿ ನಡುಮೆದುಳು–ಹಿಮ್ಮೆದುಳಿನ ಗಡಿಯ ಬಳಿಯ ಕೋಶಗಳಿಗೆ ಅಳಿಸಲಾಗದ ಗುರುತು ಹಾಕಿ, ಅವುಗಳ ಸಂತತಿ ಬೆಳೆದ ಮೀನಿನಲ್ಲಿ ಎಲ್ಲಿ ಸೇರುತ್ತದೆಂದು ಹಿಂಬಾಲಿಸಲಾಯಿತು. ಕೆಳಹಾಲೆಗಳ ಬಹುಪಾಲು ಕೋಶಗಳಲ್ಲಿ ಆ ಗುರುತು ಹೊಳೆಯುತ್ತಿತ್ತು: ಹೈಪೊಥಲಾಮಸ್‌ನ ಮನೆಯಲ್ಲಿ ಇಷ್ಟು ಕಾಲ ವಾಸವಿದ್ದವು ನಡುಮೆದುಳಿನ ಮಕ್ಕಳು.